ಮದುವೆ ಮನೆಯ ಎರಡು ಡಬ್ಬಗಳ ನಡುವೆ

ಕಸದ ಡಬ್ಬದ ಪಕ್ಕ ಒಂದು ದಿನ ನಿಂತು ನೋಡಿ, ನಗು ತಾನಾಗಿಯೇ ಬಂದು ಕಾಲಿಗೆ ತೊಡರಿಕೊಳ್ಳುತ್ತದೆ. ನಾನು ಗದಗದ ಕಡೆಯವನು. ಯಶವಂತಪುರದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತನಾದೆ. ಹೆಂಡತಿ ಹೋದ ಮೇಲೆ ಕೊಡಿಗೇಹಳ್ಳಿಯ ಬಾಡಿಗೆ ಮನೆಯಲ್ಲಿ ಒಬ್ಬನೇ. ಒಂಟಿ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮಾತಾಡಿಕೊಂಡು ಉಣ್ಣಲು ಒಂದು ಜೊತೆ ಸಿಕ್ಕೀತು ಎಂಬ ಆಸೆಯಿಂದಲೇ ಯಲಹಂಕದ ದೊಡ್ಡ ಕಲ್ಯಾಣ ಮಂಟಪದಲ್ಲಿ ಕೆಲಸಕ್ಕೆ ಸೇರಿದೆ.

ಅಲ್ಲಿ ಅಕ್ಕಪಕ್ಕ ಎರಡು ಹಾಲ್. ಕೈತೊಳೆಯುವ ಜಾಗದಲ್ಲಿ ಎರಡು ಡಬ್ಬ. ಹಸಿರು ಡಬ್ಬದ ಹಸಿ ಕಸ ಹಿತ್ತಲಲ್ಲಿ ಗೊಬ್ಬರವಾಗುತ್ತದೆ, ನೀಲಿ ಡಬ್ಬದ ಒಣ ಕಸ ಮರುಬಳಕೆಗೆ ಹೋಗುತ್ತದೆ. ಯಾವುದನ್ನು ಎಲ್ಲಿ ಹಾಕಬೇಕೆಂದು ಕೈಮುಗಿದು ಹೇಳುವವನು ನಾನು. ಊಟವನ್ನೂ ಕೊಡುತ್ತಾರೆ, ಆದರೆ ಎಲ್ಲರೂ ಹೋದ ಮೇಲೆ, ಸ್ಟೋರ್ ರೂಮಿನಲ್ಲಿ. ಒಂಟಿ ಊಟಕ್ಕೆ ಬೇಸತ್ತು ಸಾವಿರ ಜನರ ನಡುವೆ ಬಂದು, ಮತ್ತೆ ಒಬ್ಬನೇ ಉಣ್ಣುವ ಪುಣ್ಯಾತ್ಮ ಬೇರೆ ಯಾರಿದ್ದಾರೋ ಗೊತ್ತಿಲ್ಲ.

ಅರ್ಧ ಕಪ್ ಐಸ್‌ಕ್ರೀಂ

ಒಬ್ಬ ಯಜಮಾನರು ಕಾಗದದ ಕಪ್ಪಿನಲ್ಲಿ ಅರ್ಧ ತಿಂದ ಐಸ್‌ಕ್ರೀಂ ಹಿಡಿದು ಬಂದು ನಿಂತರು.

"ಐಸ್‌ಕ್ರೀಂ ಹಸಿ, ಕಪ್ಪು ಒಣ. ಎಲ್ಲಿ ಹಾಕ್ಲಿ ಗುರು?"

"ತಿಂದು ಮುಗಿಸ್ರಿ ಸರ್, ಕಪ್ಪು ನೀಲಿ ಡಬ್ಬಕ್ಕೆ ಹಾಕೂಣು."

"ಶುಗರ್ ಇದೆ ಕಣ್ರೀ. ನಮ್ಮನೆಯೋಳಿಗೆ ಗೊತ್ತಾದ್ರೆ..." ಅನ್ನುವಷ್ಟರಲ್ಲಿ ಅವರ ಹೆಂಡತಿಯೇ ಬಂದರು. ಕಪ್ಪು ಸರಕ್ಕನೆ ನನ್ನ ಕೈಗೆ ಬಂತು. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಗಂಡನಿಗೆ ಹೇಳಿದರು: "ನೋಡಿ, ನಿಮ್ಮದೇ ವಯಸ್ಸು. ಶುಗರ್ ಇಲ್ಲ, ಏನಿಲ್ಲ, ಆರಾಮಾಗಿ ತಿಂತಿದ್ದಾರೆ. ಮನೆಯೋರ ಮಾತು ಕೇಳಿದ್ರೆ ಹಿಂಗಿರ್ತೀರಿ!"

ನನಗೂ ಶುಗರ್ ಇದೆ. ಮಾತು ಹೇಳುವ ಮನೆಯವರಿಲ್ಲ. ಆಕೆ ನನ್ನ ಮೇಲಿಂದ ಕಣ್ಣು ತೆಗೆಯಲಿಲ್ಲವಾದ್ದರಿಂದ ಪೂರ್ತಿ ತಿಂದೆ.

ಒಂದು ಪೊಟ್ಟಣ ಗೊಬ್ಬರ

ನಮ್ಮ ಮ್ಯಾನೇಜರಿಗೆ ಒಮ್ಮೆ ಹುರುಪು ಬಂತು. ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಜೊತೆ ಒಂದೊಂದು ಪೊಟ್ಟಣ ಗೊಬ್ಬರವನ್ನೂ ಇಡಿಸಿದರು. ಚೀಟಿಯ ಮೇಲೆ ಮಂಟಪದ ಹೆಸರು, ನನ್ನ ಫೋನ್ ನಂಬರ್. ಒಳಗೇನಿದೆ ಎಂದು ಬರೆಯುವುದನ್ನು ಮಾತ್ರ ಮರೆತಿದ್ದರು.

ಮರುದಿನ ಸಹಕಾರನಗರದಿಂದ ಒಬ್ಬರ ಫೋನ್. "ರೀ, ನಿಮ್ಮ ರಾಗಿ ಹುರಿಹಿಟ್ಟು ಹಾಲಲ್ಲಿ ಕರಗ್ತಾನೇ ಇಲ್ವಲ್ರೀ!"

"ಅಮ್ಮಾರೇ, ಅದು ಗೊಬ್ಬರ್ರೀ! ಕುಡಿದ್ರೇನು?"

ಆಕೆ ಮೆಲ್ಲಗೆ ಅಂದರು: "ನಾನ್ ಕುಡಿದಿಲ್ಲ. ನಮ್ಮತ್ತೆ ಒಂದ್ ಗುಟುಕು ಕುಡಿದ್ರು. ನನ್ನ ಕೈರುಚಿಗಿಂತ ವಾಸಿ ಅಂದ್ರು."

ಹೆಣ್ಣಿನ ದೊಡ್ಡಪ್ಪ

ಇನ್ನೊಂದು ಮದುವೆಯಲ್ಲಿ, ಕೈಮುಗಿದು ನಿಂತ ನಾನು ಹೆಣ್ಣಿನ ಕಡೆಯ ಹಿರಿಯನೇ ಇರಬೇಕೆಂದು ಗಂಡಿನ ಸೋದರಮಾವ ಲೆಕ್ಕ ಹಾಕಿದರು. ಬಂದವರೇ ಕಾಲು ಗಂಟೆ ಝಾಡಿಸಿದರು. ಸಾರು ಆರಿತ್ತಂತೆ, ಚಿರೋಟಿಗೆ ಹಾಲು ಬರಲಿಲ್ಲವಂತೆ, ತಮ್ಮವರನ್ನು ವಿಚಾರಿಸುವವರೇ ಇಲ್ಲವಂತೆ. ನನ್ನ ಹತ್ತಿರ ಅಷ್ಟು ಹೊತ್ತು ಯಾರಾದರೂ ಮಾತಾಡಿ ವರ್ಷವಾಗಿತ್ತು. ನಿಜ ಹೇಳಲು ಮನಸ್ಸೇ ಬರಲಿಲ್ಲ.

"ತಪ್ಪಾತ್ರಿ," ಅಂದೆ.

ಅವರು ಕರಗಿಹೋದರು. "ಛೇ, ದೊಡ್ಡೋರು ನೀವು. ಮನಸ್ಸಲ್ಲಿ ಇಟ್ಕೋಬೇಡಿ. ಭಾನುವಾರ ಬೀಗರೂಟಕ್ಕೆ ಬರ್ಲೇಬೇಕು, ನನ್ನ ಪಕ್ಕದಲ್ಲೇ ಕೂರ್ಬೇಕು!"

ಆ ಭಾನುವಾರ ಬಿಳಿ ಅಂಗಿಗೆ ಇಸ್ತ್ರಿ ಹಾಕಿ ತೊಟ್ಟುಕೊಂಡೆ. ಒಂದು ಗಂಟೆಗೆ ಬಿಚ್ಚಿಟ್ಟು ಅನ್ನಕ್ಕಿಟ್ಟೆ. ವಿಳಾಸ ಗೊತ್ತಿದ್ದಿದ್ದರೆ ನಾಚಿಕೆ ಬಿಟ್ಟು ಹೋಗಿಯೇಬಿಡುತ್ತಿದ್ದೆ.

ಕೊನೆಯ ಪಂಕ್ತಿ

ಹೋದ ತಿಂಗಳ ಮಾತು. ಕೊನೆಯ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ನೀರಿನ ಬಾಟಲಿ ಹಾಕಲು ಬಂದವರು ನನ್ನ ಮುಖ ನೋಡಿ ಕೇಳಿದರು: "ಊಟ ಆಯ್ತಾ ನಿಮ್ದು?"

ಈ ಕೆಲಸಕ್ಕೆ ಸೇರಿದ ಮೇಲೆ ಅದನ್ನು ಕೇಳಿದ ಮೊದಲನೆಯವರು ಅವರು.

"ಇಲ್ರಿ."

"ನಂದೂ ಇಲ್ಲ. ಬನ್ನಿ, ಜೊತೇಲಿ ಕೂರೋಣ."

ಕೈ ತೊಳೆದು ಹೋಗಿ ಕೂತೆ. ಅವರು ಮಂಡಿನೋವಿನ ಕತೆ ಹೇಳಿದರು, ನಾನು ಹೆಂಡತಿಯ ಜೋಳದ ರೊಟ್ಟಿಯ ಕತೆ ಹೇಳಿದೆ. ಎರಡು ಸಲ ಅನ್ನ ಹಾಕಿಸಿಕೊಂಡೆ. ಮಜ್ಜಿಗೆ ಬರುವ ಹೊತ್ತಿಗೆ ಅವರು ಕೇಳಿದರು: "ಅಂದಹಾಗೆ ನೀವು ಗಂಡಿನ ಕಡೆಯೋರೋ, ಹೆಣ್ಣಿನ ಕಡೆಯೋರೋ?"

ಇಷ್ಟು ಉಪ್ಪುಂಡ ಮೇಲೆ ಸುಳ್ಳು ಹೇಳಬಾರದು ಅನ್ನಿಸಿತು. "ನಾ ಕಸದ ಕಡೆಯಾವ್ರಿ," ಅಂದೆ.

ಎದ್ದು ಹೋಗುತ್ತಾರೆಂದುಕೊಂಡೆ. ಅವರು ಅತ್ತಿತ್ತ ನೋಡಿ, ಸೆರಗು ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟಿದರು. "ನಾನೂ ಯಾರ ಕಡೆಯೋಳೂ ಅಲ್ಲ ಕಣ್ರೀ. ನಾನು ಬಂದಿದ್ದು ಪಕ್ಕದ ಹಾಲ್ ಮದುವೆಗೆ. ಅಕ್ಷತೆ ಹಾಕಿದ್ಮೇಲೆ ಗೊತ್ತಾಯ್ತು, ಮದುಮಗಳು ನಮ್ಮೋಳಲ್ಲ ಅಂತ. ಆಶೀರ್ವಾದ ಮಾಡಿ ಊಟ ಮಾಡದೆ ಹೋಗೋದು ಹೆಂಗೆ?"

"ಮತ್ತ ನಿಮ್ಮ ಮದುವಿ?"

"ಅಲ್ಲಿಗೆ ಇಷ್ಟೊತ್ತಲ್ಲಿ ಒಬ್ಬಳೇ ಹೋಗೋಕೆ ಮುಜುಗರ. ಏಳಿ, ಅಲ್ಲೂ ಒಂದೊಂದ್ ಹೋಳಿಗೆ ತಿಂದ್ಬರೋಣ."

ಹೋದೆವು. ಯಾರೋ ಕೇಳಿದ್ದಕ್ಕೆ ಅಜ್ಜಿ "ಇವ್ರು ನಮ್ಮ ಕಡೆಯೋರು" ಅಂದರು.

ಆ ಒಂದು ಗಂಟೆ ಡಬ್ಬಗಳ ಹತ್ತಿರ ಯಾರೂ ಇರಲಿಲ್ಲ. ಮರುದಿನ ಗೊಬ್ಬರದ ಗುಂಡಿಯಲ್ಲಿ ಬಾಟಲಿ, ಐಸ್‌ಕ್ರೀಂ ಕಪ್ಪು, ಯಾರದೋ ಒಂಟಿ ಚಪ್ಪಲಿ ಸಿಕ್ಕವು. ಮ್ಯಾನೇಜರು ಮನಸಾರೆ ಬೈದರು. ಹೊಟ್ಟೆ ತುಂಬಿತ್ತು, ಬೈಸಿಕೊಂಡೆ.