ಮೀಸೆ ನುಂಗಿದ ಮೆಷಿನು

ಲೋಕನಾಥ ಶೆಟ್ಟರ ಹೊಟ್ಟೆಗೆ ಕಿಚ್ಚು ಹಚ್ಚಿದ್ದು ಬೆಳಿಗ್ಗೆ ಆರು ಗಂಟೆಗೆ ಕಾಲೊನಿಯ ವಾಟ್ಸಾಪ್ ಗುಂಪಿನಲ್ಲಿ ಬಂದು ಬಿದ್ದ ಒಂದು ಪಟ್ಟಿ. ಕಾಶಿಯಾತ್ರೆಗೆ ಹೊರಡುವ ಇಪ್ಪತ್ತೆರಡು ಮಂದಿಯ ಹೆಸರು. ಬರೆದವರು ಯಾತ್ರೆಯ ಮುಂದಾಳು ಸುಬ್ಬಯ್ಯ ಮಾಸ್ಟ್ರು. ನಿವೃತ್ತರಾಗಿ ಹನ್ನೊಂದು ವರ್ಷವಾದರೂ ಹಾಜರಿ ಕರೆಯುವ ಚಟ ಬಿಡದವರು. ಹೆಚ್ಚಿನ ಹೆಸರುಗಳ ಮುಂದೆ 'ಹಾಲ್' ಎಂದಿತ್ತು, ಅಂದರೆ ಛತ್ರದ ಹಾಲಿನಲ್ಲಿ ಸಾಲು ಚಾಪೆ. ಪಕ್ಕದ ಮನೆಯ ದಯಾನಂದ ಆಳ್ವರ ಹೆಸರಿನ ಮುಂದೆ ಮಾತ್ರ 'ಪತ್ನಿಸಮೇತ ಎಸಿ ರೂಮು. ಮೆಷಿನಿಗೆ ಪ್ಲಗ್ ಬೇಕಾದ್ದರಿಂದ'. ಪಟ್ಟಿಯ ಬಾಲದಲ್ಲಿ 'ಲೋಕನಾಥ ಶೆಟ್ಟಿ, ಶಶಿಪ್ರಭಾ. ಗೊರಕೆಯ ಕಾರಣ ಅನುಮಾನ. ಮೆಷಿನು ಬಂದರೆ ಇವರಿಗೂ ರೂಮು, ಇಲ್ಲದಿದ್ದರೆ ಇಲ್ಲ. ಸಂಜೆ ಐದಕ್ಕೆ ಅಂತಿಮ'.

"ಆಳ್ವನಿಗೆ ಎಸಿ, ನನಗೆ ಅನುಮಾನ!" ಎಂದರು ಶೆಟ್ಟರು.

"ಇವತ್ತು ಮೆಷಿನು ಬರ್ತದಲ್ಲ, ಸುಮ್ಮನಿರಿ," ಎಂದಳು ಹೆಂಡತಿ ಶಶಿಪ್ರಭಾ.

ಶೆಟ್ಟರದ್ದು ಮೂಡುಬಿದಿರೆಯಲ್ಲಿ ಟೈಲ್ಸ್ ಅಂಗಡಿ. ಅಂಗಡಿಯ ಕಾಗದಪತ್ರದಲ್ಲಿ ಶಶಿಪ್ರಭಾ ಹೆಸರಿಗಷ್ಟೇ ಪಾಲುದಾರಳು, ಸ್ಲೀಪಿಂಗ್ ಪಾರ್ಟ್ನರ್. ಆದರೆ ಊರಿನ ಬಾಯಲ್ಲಿ ನಿದ್ದೆಯ ಕೀರ್ತಿಯೆಲ್ಲ ಶೆಟ್ಟರದ್ದೇ. ಅವರ ಮಲಗುವ ಕೋಣೆಯಿಂದ ಹೊರಡುವ ಗೊರಕೆಯನ್ನು ಮಾಸ್ಟ್ರು ಮದುವೆ ಮನೆಗಳಲ್ಲಿ ಅಭಿನಯಿಸಿ ತೋರಿಸುವುದಿತ್ತು. "ಘೊರ್ರ್... ಘೊರ್ರ್... ಇದು ಚಾರ್ಮಾಡಿ ಘಾಟಿ ಹತ್ತುವ ಲಾರಿ. ಈಗ ನೋಡಿ, ತಿರುವಿನಲ್ಲಿ ಇಂಜಿನ್ ಬಂದ್! ಒಂದು... ಎರಡು... ಹತ್ತು... ಡ್ರೈವರು ಹೋದನಾ ಅಂತ ನಾವು ಕಿಟಕಿ ತೆಗೀಬೇಕು, ಅಷ್ಟರಲ್ಲಿ ಖೊಳ್! ಮತ್ತೆ ಸ್ಟಾರ್ಟು!"

ಆ ಬಂದ್ ಆಗುವುದೇ ಒಂದು ಕಾಯಿಲೆ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಹೋಗುವುದು, ಅದಕ್ಕೆ ಮೂಗಿನೊಳಗೆ ಗಾಳಿ ಒತ್ತುವ ಸಿಪ್ಯಾಪ್ ಎಂಬ ಮೆಷಿನು ಉಂಟು ಎಂದು ಕಾಲೊನಿಗೆ ಕಲಿಸಿದವರು ದಯಾನಂದ ಆಳ್ವರು. ಬ್ಯಾಂಕ್ ಮ್ಯಾನೇಜರಾಗಿದ್ದವರು. ಕಾಲೊನಿಯ ಮೊದಲ ಇನ್ವರ್ಟರ್, ಮೊದಲ ಸಿಸಿ ಕ್ಯಾಮೆರಾ ಅವರದ್ದೇ. ನಾಲ್ಕು ತಿಂಗಳ ಹಿಂದೆ ಮೊದಲ ಸಿಪ್ಯಾಪ್ ಕೂಡ. "ನನ್ನದು ಗಂಟೆಗೆ ಮೂವತ್ತೆಂಟು ಸಲ ನಿಲ್ತದೆ," ಎಂದು ಅವರು ರ‍್ಯಾಂಕು ಬಂದವರ ಹಾಗೆ ಹೇಳಿದ್ದರು. ಕಾಲೊನಿಗೆ ಕಾಲೊನಿಯೇ ಬ್ರೆಡ್ಡು, ಸೇಬು ಹಿಡಿದುಕೊಂಡು ನೋಡಲು ಹೋಯಿತು. ಶೆಟ್ಟರೂ ಹೋಗಿ ಬಂದರು. ಆ ರಾತ್ರಿ ಊಟ ಸೇರಲಿಲ್ಲ. ಕಾಯಿಲೆಯಲ್ಲಿ ಕೂಡ ಆ ಮನುಷ್ಯ ಮುಂದೆ!

ಕಳೆದ ವಾರ ಶೆಟ್ಟರ ಪರೀಕ್ಷೆಯೂ ಆಯಿತು. ಮೆಷಿನು ಮಾರುವ ಕಂಪನಿಯ ಇರ್ಷಾದ್ ಬಂದು ಅವರ ಕೈಗೆ ವಾಚಿನಂಥದ್ದೊಂದು ಕಟ್ಟಿ, ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ, ಹಾಗೆಯೇ ಮಲಗಲು ಹೇಳಿ ಹೋದ. ಮರುದಿನ ಬಿಚ್ಚಿಕೊಂಡು ಹೋದ. ಮಂಗಳೂರಿನ ಡಾಕ್ಟರು ರಿಪೋರ್ಟು ನೋಡಿ ಹೇಳಿದ ಸಂಖ್ಯೆ ನಲವತ್ತೆರಡು. ಶೆಟ್ಟರು ಆಸ್ಪತ್ರೆಯ ಮೆಟ್ಟಿಲಲ್ಲೇ ನಿಂತು ಆಳ್ವರಿಗೆ ಫೋನು ಹಚ್ಚಿ, "ನಿಮಗಿಂತ ನಾಲ್ಕು ಹೆಚ್ಚುಂಟು," ಎಂದಿದ್ದರು.

ಒಂಬತ್ತು ಗಂಟೆಗೆ ಇರ್ಷಾದ್ ಮೆಷಿನು ತಂದ. ಟಿಫಿನ್ ಡಬ್ಬಿಯಷ್ಟು ಪೆಟ್ಟಿಗೆ, ಅದರಿಂದ ಹೊರಟ ಉದ್ದದ ಕೊಳವೆ, ಕೊಳವೆಯ ತುದಿಯಲ್ಲಿ ಮೂಗಿಗೂ ಬಾಯಿಗೂ ಸೇರಿ ಗಾಜಿನ ಹಾಗೆ ಒಳಗೆಲ್ಲ ಕಾಣುವ ಒಂದು ಮಾಸ್ಕು.

"ಶೆಟ್ರೆ, ಆರಾಮದಲ್ಲಿ ಉಸಿರೆಳೀರಿ," ಎಂದು ಸ್ವಿಚ್ಚು ಒತ್ತಿದ.

ಪುರ್ರ್ರ್ರ್! ಮಾಸ್ಕಿನ ಅಂಚಿನಿಂದ ಹರಿದ ಟಯರಿನ ಶಬ್ದ. ಇರ್ಷಾದ್ ಪಟ್ಟಿ ಬಿಗಿದ. ಪುರ್ರ್ ಎಂಬುದು ಪೀಂ ಆಯಿತು. ಇನ್ನೂ ಬಿಗಿದ. ಶೆಟ್ಟರ ಕಣ್ಣು ಹೊರಗೆ ಬಂತೇ ಹೊರತು ಶಬ್ದ ಒಳಗೆ ಹೋಗಲಿಲ್ಲ.

"ಮೀಸೆ ಅಡ್ಡ ಬರ್ತದೆ ಶೆಟ್ರೆ. ಗಾಳಿ ಲೀಕು."

ಅದು ಮೂವತ್ತನಾಲ್ಕು ವರ್ಷದ ಮೀಸೆ. ಎರಡೂ ತುದಿ ಹಳೆಯ ಬುಲೆಟ್ ಬೈಕಿನ ಹ್ಯಾಂಡಲಿನ ಹಾಗೆ ಬಾಗಿ ನಿಂತದ್ದು.

"ಮೂಗಿನ ಹೊಳ್ಳೆಗೆ ಮಾತ್ರ ಇಡುವ ಮಾಸ್ಕು ಬೇರೆ ಉಂಟು. ಬರ್ಲಿಕ್ಕೆ ಎಂಟು ದಿನ ಆಗ್ತದೆ," ಎಂದ ಇರ್ಷಾದ್.

"ಎಂಟು ದಿನವಾ? ಆಗ್ಲಿಕ್ಕಿಲ್ಲ!" ಎಂದು ಶಶಿಪ್ರಭಾ ಅಡುಗೆಮನೆಯಿಂದಲೇ ಹಾರಿ ಬಂದಳು. "ಐದು ಗಂಟೆಗೆ ಮಾಸ್ಟ್ರು ಬಂದು ನೋಡ್ತಾರೆ. ಕಾಶಿಗೆ ಹೋದವರು ಎಂತದ್ದಾದರೂ ಒಂದು ಇಷ್ಟದ್ದನ್ನು ಬಿಟ್ಟು ಬರ್ಬೇಕಂತಲ್ಲ? ನೀವು ಮೀಸೆಯನ್ನು ಇಲ್ಲಿಯೇ ಬಿಟ್ಟುಬಿಡಿ."

ಶೆಟ್ಟರು ಕಿಟಕಿಯಿಂದ ಆಳ್ವರ ಮನೆಯ ಕಡೆ ನೋಡಿದರು. ಎಸಿ ರೂಮಿನಲ್ಲಿ ಆಳ್ವ ಹೊದ್ದು ಮಲಗಿದ ಚಿತ್ರ ಕಣ್ಣಿಗೆ ಕಟ್ಟಿತು. ಬಚ್ಚಲಿಗೆ ಹೋದರು. ಹತ್ತು ನಿಮಿಷದ ನಂತರ ಹೊರಬಂದದ್ದು ಬೋರ್ಡು ಕಿತ್ತ ಅಂಗಡಿಯಂಥ ಮುಖ.

ಮಾಸ್ಕು ಈಗ ಮುಖಕ್ಕೆ ಮುತ್ತಿಟ್ಟ ಹಾಗೆ ಕೂತಿತು. "ಮೆಷಿನಿನ ಟ್ಯಾಂಕಿಗೆ ಡಿಸ್ಟಿಲ್ಡ್ ವಾಟರೇ ಹಾಕಿ, ಬಾವಿ ನೀರು ಬೇಡ. ಇವತ್ತು ಹಗಲಲ್ಲೇ ಎರಡು ಗಂಟೆ ಹಾಕಿಕೊಂಡು ಪೇಪರ್ ಓದಿ. ಅಭ್ಯಾಸ ಆದರೆ ರಾತ್ರಿ ಸುಲಭ," ಎಂದು ಹೇಳಿ ಇರ್ಷಾದ್ ಬೈಕು ಹತ್ತಿದ.

ಅಭ್ಯಾಸ ಮಾಡಲು ಮನೆಯೊಳಗೆ ಬೇಕಷ್ಟು ಜಾಗವಿತ್ತು. ಆದರೆ ಒಳಗೆ ಕೂತರೆ ಆಳ್ವರಿಗೆ ಕಾಣುವುದು ಹೇಗೆ? ಶೆಟ್ಟರು ಎಕ್ಸ್‌ಟೆನ್ಶನ್ ವಯರು ಎಳೆದು ಮನೆಯೆದುರಿನ ಸಿಟೌಟಿನಲ್ಲಿ ಕೂತರು. ಆಳ್ವರು ಕಾಣಲಿಲ್ಲ. ಗೇಟಿನಲ್ಲಿ ಕಂಡವರು ಸುಬ್ಬಯ್ಯ ಮಾಸ್ಟ್ರು. ತರಕಾರಿ ಚೀಲ ಹಿಡಿದು ಹೋಗುತ್ತಿದ್ದವರು ನಿಂತುಬಿಟ್ಟರು, ಚೀಲ ಕೆಳಗಿಟ್ಟು ಕೈಮುಗಿದರು.

ಆ ಊರುಗಳಲ್ಲಿ ಮೀಸೆಯ ಗಂಡಸು ಮೀಸೆ ಬೋಳಿಸಿದನೆಂದರೆ ಅರ್ಥ ಒಂದೇ. ತಂದೆಯೋ ತಾಯಿಯೋ ಹೋದರು. ಶೆಟ್ಟರ ತಂದೆ ಹೋಗಿ ಇಪ್ಪತ್ತು ವರ್ಷ. ಉಳಿದಿದ್ದವರು ನಾರಾವಿಯಲ್ಲಿ ಕಿರಿಯ ಮಗನ ಜೊತೆ ಇರುವ ತಾಯಿ ಅಮ್ಮಣ್ಣಿ.

"ಯಾವಾಗ ಶೆಟ್ರೆ?" ಎಂದು ಮಾಸ್ಟ್ರು ಗೇಟು ತೆರೆದು ಹತ್ತಿರ ಬಂದರು.

ಶೆಟ್ಟರು ಮಾಸ್ಕು ಸರಿಸಿದರು. "ಬೆಳಿಗ್ಗೆ ಒಂಬತ್ತಕ್ಕೆ."

"ನಿರೀಕ್ಷೆ ಇತ್ತಾ?"

"ಒಂದು ವಾರದಿಂದ ಕಾಯ್ತಾ ಇದ್ದೆವು ಮಾಸ್ಟ್ರೆ. ಈಗ ಸಮಾಧಾನ."

ಮಾಸ್ಟ್ರು ಬೆಚ್ಚಿದರು. "ತುಂಬಾ ಒದ್ದಾಟ ಆಯ್ತಾ?"

"ಸುರುವಿಗೆ ಸ್ವಲ್ಪ ಪುರ್ ಪುರ್ ಅಂತ ಶಬ್ದ. ಮತ್ತೆ ತಣ್ಣಗೆ."

"ಶಿವ ಶಿವಾ! ನೀವು ಗಟ್ಟಿ ಇರಿ. ಆಕ್ಸಿಜನ್ ತೆಗೀಬೇಡಿ," ಎಂದು ಮಾಸ್ಟ್ರೇ ಮಾಸ್ಕನ್ನು ಮತ್ತೆ ಶೆಟ್ಟರ ಮುಖಕ್ಕೆ ಒತ್ತಿ, ಕಣ್ಣೊರಸಿಕೊಂಡು ನಡೆದರು.

ಶೆಟ್ಟರಿಗೆ ಏನೂ ಅರ್ಥವಾಗಲಿಲ್ಲ. ಅರ್ಥವಾದದ್ದು ಒಂದು ಗಂಟೆಯ ಮೇಲೆ, ಮೊಬೈಲು ನೋಡಿದಾಗ. 'ಲೋಕನಾಥ ಶೆಟ್ಟರ ತಾಯಿ ಇನ್ನಿಲ್ಲ. ಆಘಾತದಿಂದ ಶೆಟ್ಟರು ಆಕ್ಸಿಜನ್ನಿನಲ್ಲಿ ಇದ್ದಾರೆ. ಸೂತಕ ಇರುವುದರಿಂದ ಕಾಶಿಯ ಎರಡು ಸೀಟು ಖಾಲಿ. ಬೇಕಾದವರು ತಿಳಿಸಿ.' ಕೆಳಗೆ ಹದಿನೇಳು ಕೈಮುಗಿದ ಚಿತ್ರ; ಅದರ ಕೆಳಗೆ, ಸೀಟು ಬೇಕೆಂದು ಐದು ಮಂದಿ.

ಅಷ್ಟರಲ್ಲಿ ನಾರಾವಿಯಿಂದ ಫೋನು.

"ಮಗಾ, ನಾನು ಸತ್ತದ್ದು ಹೌದಾ?"

"ಅಮ್ಮಾ, ಅದು ಎಂತ ಆಯ್ತೂಂದ್ರೆ..."

"ಇಲ್ಲಿ ಅಂಗಳದಲ್ಲಿ ಮೂರು ರಿಕ್ಷಾ ಜನ ಬಂದು ನಿಂತಿದ್ದಾರೆ. ಬಾಗಿಲು ತೆಗೆದದ್ದು ನಾನೇ. ಒಬ್ಬಳು ನನ್ನ ಹತ್ರವೇ 'ಬಾಡಿ ಎಲ್ಲಿ' ಅಂತ ಕೇಳಿದಳು! ನಾನಿರುವಾಗ ಮೀಸೆ ತೆಗೆದೆಯಾ ಬೇವರ್ಸಿ?"

ಶೆಟ್ಟರು ಫೋನಿನಲ್ಲೇ ಕಾಲಿಗೆ ಬಿದ್ದು, ಒಂದು ಉಪಕಾರ ಬೇಡಿದರು. ಹತ್ತು ನಿಮಿಷದಲ್ಲಿ ಶೆಟ್ಟರ ಮೊಬೈಲಿನಿಂದ ಗುಂಪಿಗೆ ತಾಯಿಯ ಧ್ವನಿ ಸಂದೇಶವೊಂದು ದಾಟಿತು. "ನಾನು ಅಮ್ಮಣ್ಣಿ ಮಾತಾಡುವುದು. ಬೆಳಿಗ್ಗೆ ಮೂರು ದೋಸೆ ತಿಂದಿದ್ದೇನೆ. ಸತ್ತವರು ತಿಂತಾರಾ? ನನ್ನ ಮಗನ ಸೀಟಿಗೆ ಯಾರೆಲ್ಲ ಕೈ ಹಾಕಿದ್ದು? ಹೆಸರು ನೋಡಿಟ್ಟಿದ್ದೇನೆ."

ಐವರೂ ಹಿಂದೆ ಸರಿದರು. ಸೀಟು ವಾಪಸು ಬಂತು. ಮೀಸೆ ಬರಲಿಲ್ಲ.

ಊಟವಾಗುವಷ್ಟರಲ್ಲಿ ಕಾಂಪೌಂಡಿನ ಆಚೆ ಆಳ್ವರ ತಲೆ ಕಂಡಿತು. "ಪಾಪ ಲೋಕಣ್ಣ! ಸುರುವಿಗೆ ಎಲ್ಲರಿಗೂ ಕಷ್ಟವೇ. ನನ್ನ ಹಾಗೆ ಅಭ್ಯಾಸ ಆಗ್ಬೇಕು," ಎನ್ನುತ್ತ ಅವರು ಮೀಸೆ ತೀಡಿದರು.

ಮೀಸೆ! ಶೆಟ್ಟರ ಕಣ್ಣು ಅದರ ಮೇಲೆ ನೆಟ್ಟಿತು. ದಪ್ಪದ, ಸೊಂಪಾದ, ಪೊದೆಯಂಥ ಮೀಸೆ.

"ದಯಾನಂದಣ್ಣ, ನಿಮ್ಮದೂ ಇದೇ ಮಾಸ್ಕಲ್ವಾ?"

"ಹೌದು, ಅದೇ ಕಂಪನಿ, ಅದೇ ನಮೂನೆ."

"ಮತ್ತೆ ನಿಮ್ಮ ಮೀಸೆ ಹೇಗೆ ಉಳಿಯಿತು?"

ಆಳ್ವರ ಕೈ ಮೀಸೆಯಲ್ಲೇ ನಿಂತಿತು. "ಅದು... ಟೆಕ್ನಿಕ್ ಉಂಟು."

"ತೋರಿಸಿ ಮಾರಾಯ್ರೆ," ಎಂದು ಶೆಟ್ಟರು ಗೇಟು ಸುತ್ತುವ ತಾಳ್ಮೆಯೂ ಇಲ್ಲದೆ ಕಾಂಪೌಂಡು ಹಾರಿದರು.

ಆಳ್ವರು ಒಲ್ಲದ ಮನಸ್ಸಿನಿಂದ ತಮ್ಮ ಮೆಷಿನು ಹೊರಗೆ ತಂದರು. ಮಾಸ್ಕನ್ನು ತಲೆಕೆಳಗಾಗಿ ಹಿಡಿದರು. ಪಟ್ಟಿಯನ್ನು ಒಂದು ಕಿವಿಗೆ ಸಿಕ್ಕಿಸಿದರು, ಅದು ಹಾರಿ ಕನ್ನಡಕ ಬೀಳಿಸಿತು.

"ನೀರು ಎಷ್ಟು ಹಾಕ್ತೀರಿ?" ಎಂದರು ಶೆಟ್ಟರು.

"ನೀರಾ? ಇದು ನೀರು ಬೇರೆ ಕುಡೀತದಾ?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಆಳ್ವರ ಹೆಂಡತಿ ಜ್ಯೋತ್ಸ್ನಾಗೆ ಆ ಒದ್ದಾಟ ನೋಡಿ ತಡೆಯಲಾಗಲಿಲ್ಲ. "ಅಯ್ಯೋ, ಹಾಗಲ್ಲ, ಹೀಗೆ!" ಎಂದು ಬಂದು ಮಾಸ್ಕು ಕಿತ್ತುಕೊಂಡು, ಜಡೆ ಎತ್ತಿ, ಪಟ್ಟಿ ಎಳೆದು, ಕ್ಲಿಪ್ಪು ಚಿಟಕ್ಕೆನಿಸಿ ಒಂದೇ ಉಸಿರಿನಲ್ಲಿ ತನ್ನ ಮುಖಕ್ಕೆ ಕೂರಿಸಿಬಿಟ್ಟಳು. ಆಮೇಲೆ ಶೆಟ್ಟರ ಮುಖ ನೋಡಿದಳು. ಹಾಕಿದಷ್ಟೇ ಬೇಗ ಬಿಚ್ಚಿದಳು.

ಆಳ್ವರು ಕುರ್ಚಿಯಲ್ಲಿ ಕುಸಿದರು. "ಲೋಕಣ್ಣ, ಹೊಟ್ಟೆಯಲ್ಲಿ ಇಟ್ಕೊಳ್ಳಿ. ಮಗಳು ಸಾತ್ವಿಕಾಳಿಗೆ ಗಂಡು ನೋಡ್ತಾ ಇದ್ದೇವೆ. ತಾಯಿ ಗೊರಕೆ ಹೊಡೀತಾಳೆ ಅಂತ ಗೊತ್ತಾದರೆ ಮಗಳ ಗೊರಕೆಯನ್ನೂ ಕೇಳಿಯೇ ಒಪ್ತೇವೆ ಅಂತಾರೆ ಜನ. ಗಂಡಸಿಗಾದರೆ ಗೊರಕೆ ಕುಂದಲ್ಲ. ಹಾಗಾಗಿ ನನ್ನ ಹೆಸರಿಗೆ ಹಾಕಿದ್ದು."

"ಅಂದರೆ ನಿಮ್ಮ ಮೂವತ್ತೆಂಟು?"

"ಇವಳದ್ದು."

ಶೆಟ್ಟರಿಗೆ ಆದ ಆನಂದ ಅಷ್ಟಿಷ್ಟಲ್ಲ. ನಾಲ್ಕು ತಿಂಗಳಿಂದ ತಾವು ಅಸೂಯೆಪಟ್ಟ ಮನುಷ್ಯನ ಹತ್ತಿರ ಕಾಯಿಲೆಯೇ ಇಲ್ಲ! ಬರೀ ಸೊನ್ನೆ! ಕಾಲೊನಿಯ ಗಂಡಸರಲ್ಲಿ ಅಸಲಿ ರೋಗಿ ತಾವೊಬ್ಬರೇ! ಹೆಂಡತಿಗಲ್ಲದೆ ಬೇರೆ ಯಾರಿಗೂ ಹೇಳುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಹಾಕಿ ಮನೆಗೆ ಓಡಿದರು.

"ಶಶೀ, ಕೇಳಿದೆಯಾ? ಆ ಆಳ್ವನಿಗೆ..."

ಮಲಗುವ ಕೋಣೆಯ ಹೊಸ್ತಿಲಲ್ಲಿ ಮಾತು ನಿಂತಿತು. ಮಂಚದ ಮೇಲೆ ಶಶಿಪ್ರಭಾ ಮಲಗಿದ್ದಳು. ಮುಖಕ್ಕೆ ಮಾಸ್ಕು, ಎದೆಯ ಮೇಲೆ ಕೊಳವೆ. ಮೆಷಿನು ಪಿಸುಗುಟ್ಟುತ್ತಿತ್ತು. ಅವಳ ತುಟಿಯಲ್ಲಿ ಸಣ್ಣ ನಗು. ಲಾರಿಯೂ ಇಲ್ಲ, ಘಾಟಿಯೂ ಇಲ್ಲ.

ಶೆಟ್ಟರು ಅಲುಗಿಸಿದಾಗ ಅವಳು ಕಣ್ಣುಬಿಟ್ಟು ಮಾಸ್ಕು ಸರಿಸಿದಳು. "ಎಷ್ಟು ಹಿತ ಉಂಟು ಗೊತ್ತಾ! ಮದುವೆಯಾದ ಮೇಲೆ ಇಂಥ ನಿದ್ದೆ ಬರ್ಲಿಲ್ಲ ನನಗೆ."

"ಅದು ನನ್ನ ಮೆಷಿನು!"

"ಹೆಸರು ಮಾತ್ರ ನಿಮ್ಮದು." ಅವಳು ಎದ್ದು ಕೂತು ಸೆರಗು ಸರಿಮಾಡಿಕೊಂಡಳು. "ಪರೀಕ್ಷೆಯ ದಿನ ನೀವು ಒಂಬತ್ತೂವರೆಗೆ ಬಿದ್ದುಕೊಂಡ್ರಿ. ಹತ್ತಕ್ಕೆ ಅದನ್ನೆಲ್ಲ ಬಿಚ್ಚಿ ನಾನು ಕಟ್ಟಿಕೊಂಡೆ. ಬೆಳಿಗ್ಗೆ ಐದಕ್ಕೆ ವಾಪಸು ನಿಮ್ಮ ಕೈಗೆ. ಜ್ಯೋತ್ಸ್ನಾ ಹೇಳಿಕೊಟ್ಟದ್ದು. ಅವಳೂ ಹಾಗೆಯೇ ಮಾಡಿದ್ದಂತೆ."

"ಗೊರಕೆ?"

"ನನ್ನದೇ. ಊರವರು ನಿಮ್ಮದು ಅಂದ್ರು. ನಾನು ಅಲ್ಲ ಅನ್ಲಿಲ್ಲ."

"ನಲವತ್ತೆರಡು ಕೂಡ?"

"ಅದೂ."

ಶೆಟ್ಟರು ಖಾಲಿಯಾದ ಮೇಲ್ದುಟಿಯನ್ನು ಸವರಿಕೊಂಡರು. "ಹಾಗಾದರೆ ನನಗೆ ಎಷ್ಟು?"

"ನಿಮಗೆ ಎಂತದೂ ಇಲ್ಲ. ನೀವು ಶಿಶುವಿನ ಹಾಗೆ ಮಲಗ್ತೀರಿ. ಬೇಜಾರು ಮಾಡ್ಬೇಡಿ, ಕಾಶಿಯಲ್ಲಿ ಎಸಿ ರೂಮುಂಟಲ್ಲ, ಇಬ್ಬರೂ ಹೋಗುವ."

ಅದೊಂದು ಸಮಾಧಾನ ಉಳಿದಿತ್ತು. ಐದು ಗಂಟೆಗೆ ಸರಿಯಾಗಿ ಮಾಸ್ಟ್ರು ಬಂದರು. ಪಕ್ಕದ ಮನೆಯಿಂದ ಆಳ್ವ ದಂಪತಿಯನ್ನೂ ಕರೆಸಿಕೊಂಡರು. ಮೆಷಿನನ್ನು ತಿರುಗಿಸಿ ಮುರುಗಿಸಿ ನೋಡಿ ತಲೆಯಾಡಿಸಿದರು.

"ಮೆಷಿನೇನೋ ಬಂತು. ಆದರೆ ಛತ್ರದವರು ಈಗ ಒಂದೇ ರೂಮು ಅಂತಾರೆ. ಎರಡೇ ಮಂಚ. ಹಾಲಿನಲ್ಲಿ ಪ್ಲಗ್ಗಿಲ್ಲ. ಪ್ಲಗ್ಗಿಲ್ಲದೆ ನಿಮ್ಮಿಬ್ಬರನ್ನು ಅಲ್ಲಿ ಮಲಗಿಸಿದರೆ ಉಳಿದವರಿಗೆ ಕಾಶಿಯಲ್ಲೇ ಮೋಕ್ಷ. ಹಾಗಾಗಿ ಸಮಿತಿ ಸೇರಿ ತೀರ್ಮಾನ ಮಾಡಿದ್ದೇವೆ. ಈ ಇಬ್ಬರು ತಾಯಂದಿರು ಇಷ್ಟು ವರ್ಷ ನಿಮ್ಮ ಗೊರಕೆ ಸಹಿಸಿಕೊಂಡು ನಿದ್ದೆ ಬಿಟ್ಟಿದ್ದಾರೆ. ಒಂಬತ್ತು ದಿನವಾದರೂ ನೆಮ್ಮದಿಯಲ್ಲಿ ಮಲಗಲಿ. ರೂಮು ಅವರಿಗೆ. ಗಂಡಸರಿಬ್ಬರೂ ಮನೆಯಲ್ಲಿರಿ."

ಜ್ಯೋತ್ಸ್ನಾ ನೆಲ ನೋಡಿದಳು. ಶಶಿಪ್ರಭಾ ಚಾವಣಿ ನೋಡಿದಳು.

"ಮಾಸ್ಟ್ರೆ! ನನಗೆ ಗೊರಕೆಯೇ..." ಎಂದು ಶೆಟ್ಟರು ಎದ್ದು ನಿಂತರು. ಚಾವಣಿಯಿಂದ ಇಳಿದ ಹೆಂಡತಿಯ ಕಣ್ಣು ಅವರ ಮೇಲೆ ಬಿತ್ತು. "...ಗೊರಕೆಯೇ ಶತ್ರುವಾಯ್ತು," ಎಂದು ಕೂತರು.

"ದೊಡ್ಡ ಮನಸ್ಸು," ಎಂದು ಮಾಸ್ಟ್ರು ಬೆನ್ನು ತಟ್ಟಿ, ಪಟ್ಟಿಗೆ ಸಹಿ ಹಾಕಿದರು. ಅವರು ಗೇಟು ದಾಟುವ ಮೊದಲೇ ಶಶಿಪ್ರಭಾ ಮೆಷಿನಿನ ಕೊಳವೆಯನ್ನು ಮೆತ್ತಗೆ ಸುತ್ತಿ, ರೇಷ್ಮೆ ಸೀರೆಗಳ ನಡುವೆ ಸೂಟ್‌ಕೇಸಿನಲ್ಲಿಟ್ಟಳು.

ಮುಸ್ಸಂಜೆಗೆ ಶೆಟ್ಟರು ಕಾಂಪೌಂಡಿನ ಹತ್ತಿರ ನಿಂತಿದ್ದರು. ಆಚೆಯಿಂದ ಆಳ್ವರು ಬಂದು ಅವರ ಎದುರಿಗೇ ಗೋಡೆಗೆ ಮೊಣಕೈ ಊರಿದರು.

"ಲೋಕಣ್ಣ, ಒಂಬತ್ತು ದಿನ. ನಿಮಗೆ ಅಡುಗೆ ಬರ್ತದಾ?"

"ಇಲ್ಲ ಮಾರಾಯ್ರೆ. ಗ್ಯಾಸ್ ಹೊತ್ತಿಸ್ಲಿಕ್ಕೂ ಬರುದಿಲ್ಲ. ನಿಮಗೆ?"

"ನನಗೆ ಗಂಜಿ ಬರ್ತದೆ," ಎಂದರು ಆಳ್ವರು. "ಚಟ್ನಿಯೂ."

ಲೋಕನಾಥ ಶೆಟ್ಟರಿಗೆ ಆ ರಾತ್ರಿಯೂ ಊಟ ಸೇರಲಿಲ್ಲ.