ಮುಳ್ಳುಗಿಡದ ಮೇಲ್ವಿಚಾರಕ

ಮಳವಳ್ಳಿ ತಾಲ್ಲೂಕಿನ ಪೂರಿಗಾಲಿ ಸಮೀಪ ಒಂದು ಮಂಗಳವಾರ ಬೆಳಿಗ್ಗೆ ಕಾರೆ ಗಿಡವೊಂದು ಕಾಣೆಯಾಯಿತು. ವಯಸ್ಸು ಎರಡು ಮಳೆಗಾಲ, ಎತ್ತರ ಸೊಂಟದವರೆಗೆ, ಮೈತುಂಬ ಮುಳ್ಳು. ಹಿಂದಿನ ಸಂಜೆ ಆರೋಗ್ಯವಾಗಿಯೇ ಇತ್ತು. ಯಾರೊಂದಿಗೂ ಅದಕ್ಕೆ ದ್ವೇಷವಿರಲಿಲ್ಲ.

ಅನುಮಾನ ಮೊದಲು ಹೋದದ್ದು ಬಂಡೂರು ಕುರಿಗಳ ಮೇಲೆ. ಕುರಿ ಕಾಯುವವನು ಅವಮಾನದಿಂದ ಒಂದು ಕುರಿಯ ಬಾಯಿ ಬಿಡಿಸಿ ತೋರಿಸಿದ. ಒಳಗೆ ಹುಲ್ಲಿತ್ತು. ಮಧ್ಯಾಹ್ನದವರೆಗೆ ನಾನೂ ನಮ್ಮ ಕಾವಲಿನ ಗೌಡರೂ ಜಾಗವನ್ನೆಲ್ಲ ಜಾಲಾಡಿದೆವು. ಗೌಡರು ನನಗಿಂತ ಹೆಚ್ಚು ಚಿಂತೆಯಿಂದ ಹುಡುಕಿದರು. ಕೊನೆಗೆ ಗಿಡ ಸಿಕ್ಕಿದ್ದು ಬೇಲಿಯಲ್ಲಿ, ತಲೆಕೆಳಗಾಗಿ.

"ಓ, ಅದಾ?" ಅಂದರು ಗೌಡರು. "ಬೇಲೀಲಿ ಕಿಂಡಿ ಬಿದ್ದಿತ್ತು ಸಾ. ಯಾರಾದ್ರೂ ನುಗ್ಗಿ ಗಿಡ ಕಿತ್ಕೊಂಡೋಗ್ಬುಟ್ಟಾರು ಅಂತ ನಾನೇ ಕಡ್ದು ತುಂಬ್ದೆ."

"ಮತ್ತೆ ಬೆಳಿಗ್ಗೆಯಿಂದ ನನ್ನ ಜೊತೆ ಹುಡುಕಿದಿರಲ್ಲ ಗೌಡ್ರೇ?"

"ನೀವು ಗಿಡ ಕಳ್ದೋಗದೆ ಅಂದ್ರಿ. ನಾನು ಕಡ್ದಿದ್ದು ಮುಳ್ಳು."

ನನ್ನ ಕೆಲಸದಲ್ಲಿ ಇಂಥವು ಆಗುತ್ತಲೇ ಇದ್ದವು. ಕೆಲಸ ಏನೆಂದು ಹೇಳಿಬಿಡುತ್ತೇನೆ. ನದಿಯ ನೀರಿನಿಂದ ಕರೆಂಟು ತೆಗೆಯುವ ಒಂದು ಖಾಸಗಿ ಕಂಪನಿ ಪೈಪು ಹೂಳಲು ಒಂದು ಕುರುಚಲು ಕಾಡನ್ನು ಅಗೆದು ಹಾಕಿತ್ತು. ಪೈಪು ಮಣ್ಣಿನೊಳಗೆ ಹೋಯಿತು, ಒಳಗಿದ್ದ ಕಲ್ಲು ಮೇಲೆ ಬಂತು. ಮೊಲ, ನರಿ, ಗೌಜಲಕ್ಕಿ ಇದ್ದ ಜಾಗವನ್ನು ಮೊದಲಿನಂತೆ ಮಾಡಿಕೊಡಬೇಕೆಂಬುದು ಸರ್ಕಾರ ಕಂಪನಿಗೆ ಹಾಕಿದ್ದ ಷರತ್ತು. ಅದಕ್ಕಾಗಿ ಕಂಪನಿಯವರು ನನ್ನನ್ನು ಮೇಲ್ವಿಚಾರಕನೆಂದು ನೇಮಿಸಿದರು. ಮೂರನೆಯ ಮಳೆಗಾಲ ಮುಗಿದ ಮೇಲೆ ಒಬ್ಬ ಸರ್ಕಾರಿ ಅಧಿಕಾರಿ ಬಂದು ನೋಡುತ್ತಾರೆ. ನೆಟ್ಟ ಗಿಡ ಬದುಕಿದ್ದರೆ ಸಾಲದು, ಆ ನೆಲದಲ್ಲಿ ಗಿಡ ತಾನಾಗಿ ಹುಟ್ಟಿರಬೇಕು. ಹುಟ್ಟಿದ್ದರೆ ಜಾಗ ಮೊಲಗಳಿಗೆ. ಇಲ್ಲದಿದ್ದರೆ ಕಂಪನಿ ಅಲ್ಲಿ ಕಾಂಕ್ರೀಟು ಹಾಕಿ ಕರೆಂಟು ಕಂಬಗಳನ್ನು ಪೇರಿಸುತ್ತದೆ, ನಾನು ಮನೆಗೆ ಹೋಗುತ್ತೇನೆ. ಆ ಮೂರು ವರ್ಷ ನಾನು ಹೊಟ್ಟೆ ತುಂಬ ಉಂಡದ್ದು ಕಡಿಮೆ.

ಉಂಡೆ

ಮೊದಲ ವರ್ಷ ಬೀಜದುಂಡೆ ಮಾಡಿಸಿದೆ. ಜೇಡಿಮಣ್ಣಿಗೆ ಗೊಬ್ಬರ ಬೆರೆಸಿ, ಕಗ್ಗಲಿ, ಬಾರೆ, ತಂಗಡಿ ಬೀಜಗಳನ್ನು ಸೇರಿಸಿ, ಗೋಲಿ ಗಾತ್ರದ ಉಂಡೆ ಕಟ್ಟಿ ಕಲ್ಲಿನ ನಡುವೆ ಎಸೆಯುವುದು. ಮಳೆ ಬಿದ್ದರೆ ಉಂಡೆ ಕರಗಿ ಬೀಜ ಮೊಳೆಯುತ್ತದೆ. ಆ ಬೀಜಗಳನ್ನು ಬೇಸಿಗೆಯೆಲ್ಲ ಬಸವನಬೆಟ್ಟದ ಕಡೆಯ ಕಾಡಂಚಿನಲ್ಲಿ ಬಿಸಿಲು ಕುಡಿದು ಆರಿಸಿ ತಂದಿದ್ದೆ. ಮಣ್ಣಿಗೆ ಬೀಜ ಬೆರೆಸಿ, ಒಂದು ಉಂಡೆ ಮಾಡಿ ತೋರಿಸಿ, ಮಳವಳ್ಳಿಗೆ ಹೋಗಿ ಬಂದೆ.

ಬಂದು ನೋಡಿದರೆ ಗೋಣಿತಾಟಿನ ಮೇಲೆ ಸಾಲಾಗಿ ಮುದ್ದೆಗಳು. ಒಂದೊಂದೂ ದುಡಿಯುವ ಗಂಡಾಳಿನ ಒಂದು ಹೊತ್ತಿನ ಊಟದಷ್ಟು. ಒದ್ದೆ ಕೈಯಲ್ಲಿ ಸವರಿ ನುಣ್ಣಗೆ ಮಾಡಿದ್ದರು. ಅಷ್ಟು ಚೆಂದದ ಮುದ್ದೆ ಮಂಡ್ಯದ ಯಾವ ಮದುವೆಯಲ್ಲೂ ನಾನು ನೋಡಿಲ್ಲ.

"ಅಕ್ಕ, ದೊಡ್ಡದಾಯ್ತಲ್ಲ" ಅಂದೆ, ಕೂಲಿ ಹೆಂಗಸರ ಮುಂದಾಳಾಗಿದ್ದ ಅಕ್ಕನಿಗೆ.

"ನೀವು ಕಟ್ಟಿದ್ದು ತೊಟ್ಲ ಕೂಸಿಗೂ ಸಾಲಾಕಿಲ್ಲ ಸಾ" ಅಂದರು ಅಕ್ಕ. ಆಮೇಲೆ ಒಂದು ಮುದ್ದೆ ಮುರಿದು ನನ್ನ ಮೂಗಿನ ಹತ್ತಿರ ಹಿಡಿದರು. "ನೋಡ್ಕಳಿ, ಒಂದು ಗಂಟದಾ?"

ಇರಲಿಲ್ಲ. ಬೆಣ್ಣೆಯಂತಿತ್ತು. ಅದಕ್ಕೇ ನನಗೆ ಗಾಬರಿಯಾಯಿತು.

"ಒಳಗೆ ಬೀಜ ಇತ್ತಲ್ಲಕ್ಕ?"

"ಮಣ್ಣಲ್ಲಿ ಏನೇನೋ ಗಟ್ಟಿಗಟ್ಟಿ ಸಿಕ್ತಿತ್ತು ಸಾ. ಒಂದೂ ಬುಡ್ದಂಗೆ ಆರ್ಸಿ ಬಿಸಾಕುದ್ವು. ಕೋಳಿ ತಿಂದ್ಕಂಡ್ವು."

ಮಾನ

ಮಾರನೆಯ ವರ್ಷದ ಮಳೆಗೆ, ಎಲ್ಲಿಂದ ಬಂತೋ, ಕಲ್ಲಿನ ಸಂದಿಯಲ್ಲಿ ಹುಲ್ಲು ಬಂತು. ಹುಲ್ಲಿನ ನಡುವೆ ಬೆರಳುದ್ದದ ಕವಳೆ ಸಸಿಗಳು. ತಾವಾಗಿ ಬಂದವು. ನಾನು ಮಂಡಿಯೂರಿ ಕುಳಿತು ಫೋಟೋ ತೆಗೆದೆ. ಕಂಪನಿಯ ಎಂಜಿನಿಯರಿಗೆ ಕಳಿಸಿದೆ. ಅವರು ಫೋಟೋದಲ್ಲಿ ಏನು ನೋಡಬೇಕೆಂದು ಕೇಳಿದರು.

ಆ ವಾರ ಒಂದು ಮದುವೆಗೆ ಹೋಗಬೇಕಾಯಿತು. ಹೊರಡುವಾಗ "ತಂತಿ, ಪ್ಲಾಸ್ಟಿಕ್ಕು ಬಿದ್ದಿದೆ, ಸ್ವಲ್ಪ ಚೊಕ್ಕ ಮಾಡಿ" ಎಂದು ಅಕ್ಕನಿಗೆ ಹೇಳಿದೆ. ಭತ್ತದ ಗದ್ದೆಯಲ್ಲಿ ಕಳೆ ಕೀಳುತ್ತಲೇ ಬೆಳೆದವರಿಗೆ ಚೊಕ್ಕ ಎಂಬ ಮಾತನ್ನು ಹೇಳಬಾರದಿತ್ತು. ತಿರುಗಿ ಬಂದಾಗ ನೆಲ ಅಂಗೈಯಂತಿತ್ತು. ನಾನು ಸಾಲಿನಲ್ಲಿ ನೆಟ್ಟದ್ದಷ್ಟೇ ಉಳಿದಿತ್ತು. ತಾನಾಗಿ ಬಂದದ್ದೆಲ್ಲ ಬದುವಿನ ಮೇಲೆ ಗುಡ್ಡೆಯಾಗಿ ಒಣಗುತ್ತಿತ್ತು. ತಂತಿ, ಪ್ಲಾಸ್ಟಿಕ್ಕು ಇದ್ದಲ್ಲೇ ಇದ್ದವು.

ನಾನು ಕಲ್ಲಿನ ಮೇಲೆ ಕುಳಿತುಬಿಟ್ಟೆ. ಅಕ್ಕನಿಗೂ ಬೇಜಾರಾಯಿತು.

"ಇನ್ಮೇಲೆ ಕೀಳಾಕಿಲ್ಲ ಬುಡಿ ಸಾ. ಆದ್ರೆ ನಮ್ ಕಷ್ಟಾನೂ ಕೇಳಿ. ರಸ್ತೇಲಿ ಓಗೋರು ಬಸ್ ಇಳ್ದು ಕೇಳ್ತವ್ರೆ. ಏನಮ್ಮಿ, ಇಷ್ಟು ಜನ ಎಂಗಸ್ರಿದ್ದೂ ಒಲ ಇಂಗಾ ಇಟ್ಕಳದು ಅಂತವ್ರೆ. ತಲೆ ಎತ್ಕಂಡು ತಿರ್ಗಂಗಿಲ್ಲ."

"ಅದಕ್ಕೆ ನಾನೇನು ಮಾಡಲಿ ಅಕ್ಕ?"

"ನೀವು ರಸ್ತೆ ಪಕ್ಕ ಎಲ್ರಿಗೂ ಕಾಣಂಗೆ ಕೂತ್ಕಳಿ. ಒಲ ನಿಮ್ದು ಅಂತ ಗೊತ್ತಾಗ್ಲಿ."

ಕುರ್ಚಿಯನ್ನೂ ಅವರೇ ತಂದರು.

ಮದ್ದೂರಿನಲ್ಲಿ ಕರೆಂಟು

ಅಳಿಯ ಮುಳ್ಳು ಬೆಳೆಸುತ್ತಾನೆ ಎಂದು ಹೇಳಿಕೊಳ್ಳಲು ಮದ್ದೂರಿನ ನಮ್ಮ ಅತ್ತೆಯವರಿಗೆ ಮನಸ್ಸು ಬರಲಿಲ್ಲ. ಕರೆಂಟು ಕಂಪನಿಯಲ್ಲಿ ಕೆಲಸ ಎಂದು ಹೇಳಿದ್ದರು. ಅದು ಸುಳ್ಳೂ ಅಲ್ಲ.

ಅವರ ಬೀದಿಯಲ್ಲಿ ಒಂದು ನಿಶ್ಚಿತಾರ್ಥ. ಲಗ್ನಪತ್ರಿಕೆ ಓದುತ್ತಿರುವಾಗ ಕರೆಂಟು ಹೋಯಿತು. ಫ್ಯಾನುಗಳು ನಿಂತವು. ಪುರೋಹಿತರೂ ನಿಂತರು. ಸಭೆಯೆಲ್ಲ ನಿಧಾನವಾಗಿ ನನ್ನ ಕಡೆ ತಿರುಗಿತು.

"ನಮ್ಮ ಅಳಿಯಂದಿರು ನೋಡ್ಕೋತಾರೆ" ಅಂದರು ಅತ್ತೆ.

ಎದ್ದು ಹೊರಗೆ ಹೋದೆ. ಬೀದಿಯ ಕೊನೆಯಲ್ಲಿ ಟ್ರಾನ್ಸ್‌ಫಾರ್ಮರ್ ಇತ್ತು. ಅದರ ಬಗ್ಗೆ ನನಗೆ ತಿಳಿದದ್ದು ಒಂದೇ: ಅದರ ಬುಡದಲ್ಲಿ ಬೆಳೆದಿರುವುದು ತುಂಬೆ ಗಿಡ. ಕೈ ಹಿಂದೆ ಕಟ್ಟಿಕೊಂಡು ಸ್ವಲ್ಪ ಹೊತ್ತು ತುಂಬೆ ಗಿಡವನ್ನೇ ನೋಡಿದೆ. ಗಂಡಿನ ಕಡೆಯವರು ಬಾಗಿಲಿಗೆ ಬಂದು ನಿಂತು ನನ್ನನ್ನು ನೋಡುತ್ತಿದ್ದರು. ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಡೋಣ ಎಂದುಕೊಳ್ಳುವಷ್ಟರಲ್ಲಿ ಕರೆಂಟು ಬಂತು.

ಒಳಗೆ ಹೋದಾಗ ಹುಡುಗನ ಸೋದರಮಾವ ಎದ್ದು ಜಾಗ ಬಿಟ್ಟುಕೊಟ್ಟರು. "ಏನಾಗಿತ್ತು?" ಎಂದು ಕೇಳಿದರು.

"ಈಗ ಸರಿಯಾಗಿದೆ" ಅಂದೆ.

ಕನಿಕರ

ಗೌಡರ ಕಬ್ಬಿನ ಗದ್ದೆ ನಮ್ಮ ಜಾಗದ ಬೇಲಿಗೆ ಹೊಂದಿಕೊಂಡೇ ಇತ್ತು. ನೀರಿಲ್ಲದೆ ಬದುಕುವ ಗಿಡವಿದೆ ಎಂಬುದನ್ನು ಅವರು ಕೊನೆಯವರೆಗೂ ನಂಬಲಿಲ್ಲ. ನಾನು ಹಣವಿಲ್ಲದೆ ಹಾಗೆ ಹೇಳುತ್ತೇನೆಂದು ತಿಳಿದಿದ್ದರು.

ಒಂದು ಬೆಳಿಗ್ಗೆ ಅವರ ಫೋನು. "ಏನೂ ಗಾಬ್ರಿ ಆಗ್ಬೇಡಿ ಸಾ." ಅವರು ಹಾಗೆಂದಾಗಲೆಲ್ಲ ನಾನು ಗೋಡೆ ಹಿಡಿದುಕೊಳ್ಳುತ್ತಿದ್ದೆ. "ಕರೆಂಟು ಚೆನ್ನಾಗಿ ಬಂದಿತ್ತು. ಮೋಟ್ರು ಆಕಿ, ನಮ್ ಕಬ್ಬಿಗೆ ಬುಟ್ಟಾದ್ಮೇಲೆ ನಿಮ್ ಕಡೀಕೂ ತಿರುಗ್ಸುಬುಟ್ಟೆ. ಪಾಪ, ಎಂಗೆ ಒಣಗ್ತಿದ್ವು."

ಹೋಗಿ ನೋಡಿದರೆ ತಗ್ಗಿನಲ್ಲಿದ್ದ ಬಂದರಿಕೆ ಗಿಡಗಳ ಕುತ್ತಿಗೆವರೆಗೆ ನೀರು. ಒಂದು ಕೊಕ್ಕರೆ ಆಗಲೇ ಬಂದು ನಿಂತಿತ್ತು.

"ಸಾಕಾ ಸಾ?" ಎಂದು ಕೇಳಿದರು ಗೌಡರು.

ಅಕ್ಕ ನನ್ನ ಪರವಾಗಿ ಮಾತಾಡಿದರು. "ಭತ್ತದ ಒಟ್ಲು ಪೈರು ಮಾತ್ರ ಬಾಕಿ ಅದೆ ಕಣಣ್ಣ. ತಂದು ನಾಟಿ ಮಾಡ್ಬುಡು."

ಹುತ್ತ

ಮೂರನೆಯ ವರ್ಷ ಜಾಗದ ನಡುಮಧ್ಯೆ ಒಂದು ಹುತ್ತ ಎದ್ದಿತು. ಗೆದ್ದಲು ಬಂದಿದೆಯೆಂದರೆ ಸತ್ತ ಮಣ್ಣಿಗೆ ಜೀವ ಬಂದಿದೆ ಎಂದರ್ಥ. ಆ ದಿನ ಎರಡು ತಟ್ಟೆ ಊಟ ಮಾಡಿದೆ.

ಸೋಮವಾರದ ಹೊತ್ತಿಗೆ ಹುತ್ತಕ್ಕೆ ಅರಿಸಿನ ಕುಂಕುಮ. ಮುಂದಿನ ಸೋಮವಾರ ಹಾಲು, ಮೊಟ್ಟೆ, ತೆಂಗಿನಕಾಯಿ. ಆಮೇಲೆ ಸ್ಕೂಟರಿನಲ್ಲಿ ದೂರದವರೂ ಬರತೊಡಗಿದರು. ಅವರು ನಡೆದು ನಡೆದು, ಆಗಷ್ಟೇ ಹಿಡಿದಿದ್ದ ಹುಲ್ಲಿನ ನಡುವೆ ದಾರಿ ಬಿತ್ತು. ಬೇಡವೆನ್ನಲು ಧೈರ್ಯವಿಲ್ಲ. ಮಳವಳ್ಳಿಯಲ್ಲಿ ಒಂದು ಬೋರ್ಡು ಬರೆಸಿ ತಂದು ನೆಟ್ಟೆ: "ಹುಲ್ಲು ಬೆಳೆಯುತ್ತಿದೆ. ದಯವಿಟ್ಟು ತುಳಿಯಬೇಡಿ."

ಮುಂದಿನ ಸೋಮವಾರ ಬೋರ್ಡಿಗೂ ಕುಂಕುಮ ಹಚ್ಚಿದ್ದರು.

ಅಧಿಕಾರಿ ಬಂದದ್ದು

ಪರಿಶೀಲನೆಯ ದಿನ ಗೊತ್ತಾಯಿತು. ಹಿಂದಿನ ದಿನವೇ ಎಂಜಿನಿಯರು ಬಂದು, ಎಲ್ಲೆಲ್ಲಿ ಕಂಬ ಪೇರಿಸಬಹುದೆಂದು ಸುಣ್ಣದ ಪುಡಿಯಲ್ಲಿ ಗೆರೆ ಹಾಕಿದ್ದರು. "ನನಗೇನಿಲ್ಲ ಸರ್, ಮೇಲಿನವರು ರೆಡಿ ಇಟ್ಕೊಳ್ಳಿ ಅಂದಿದ್ದಾರೆ" ಅಂದರು. ನಾನು ಗೌಡರನ್ನೂ ಅಕ್ಕನನ್ನೂ ಕೂರಿಸಿಕೊಂಡು ಕೈಮುಗಿದು ಹೇಳಿದೆ: "ನಾಳೆ ಏನೂ ಮಾಡಬೇಡಿ. ಕೀಳಬೇಡಿ, ಕಡಿಯಬೇಡಿ, ನೀರು ಬಿಡಬೇಡಿ." ಇಬ್ಬರೂ ಆಣೆ ಮಾಡಿದರು.

ಮಾತಿಗೆ ತಪ್ಪಲಿಲ್ಲ. ಕೀಳಲಿಲ್ಲ, ಕಡಿಯಲಿಲ್ಲ, ನೀರು ಬಿಡಲಿಲ್ಲ. ಆದರೆ ದೊಡ್ಡ ಸಾಹೇಬರು ಬರುವಾಗ ಜಾಗ ಬೋಳಾಗಿರುವುದು ಊರಿಗೇ ಅವಮಾನವೆಂದು, ಬೆಳಗಾಗುವಷ್ಟರಲ್ಲಿ ಬೇಲಿಯ ಬಾಗಿಲಿಗೆ ಬಾಳೆಕಂಬ ಕಟ್ಟಿದ್ದರು. ಒಳಗಿನ ದಾರಿಯ ಎರಡೂ ಕಡೆ ಊರಿನ ಮನೆಮನೆಯಿಂದ ತಂದ ಕುಂಡಗಳು: ಕ್ರೋಟನ್, ಗುಲಾಬಿ, ಚೆಂಡುಹೂ, ತುಳಸಿ. ಎಣ್ಣೆ ಡಬ್ಬದಲ್ಲಿ ಒಂದು ದಾಳಿಂಬೆ. ನಾನು ಒಂದು ಕುಂಡವನ್ನು ಬೇಲಿಯಾಚೆ ಇಡುವಷ್ಟರಲ್ಲಿ ಜೀಪು ಬಂತು.

ಅಧಿಕಾರಿ ಇಳಿದರು. ಕ್ರೋಟನ್ ನೋಡಿದರು. ನನ್ನನ್ನು ನೋಡಿದರು. "ಏನ್ರೀ ಇದು?"

ಅಕ್ಕ ಮುಂದೆ ಬಂದರು. "ಇದು ನಿಮ್ಗೆ ಅಂತ ಮಡ್ಗಿದ್ದು ಸಾ. ನೀವು ಅತ್ಲಾಗ್ ಓದೇಟ್ಗೆ ಎತ್ಕಂಡೋಯ್ತೀವಿ."

ಅಧಿಕಾರಿ ಮುಂದೆ ನಡೆದರು. ನನ್ನ ಸಾಲುಗಳನ್ನು ನೋಡಿದರು. "ಇವೆಲ್ಲ ನೆಟ್ಟದ್ದು. ತಾನಾಗಿ ಬಂದದ್ದು ತೋರಿಸಿ."

ತೋರಿಸಲು ಹತ್ತಾರು ಕಡೆ ಗುರುತು ಇಟ್ಟುಕೊಂಡಿದ್ದೆ. ಆ ಗಳಿಗೆಯಲ್ಲಿ ಒಂದೂ ನೆನಪಾಗಲಿಲ್ಲ. ಎಲ್ಲ ಗಿಡವೂ ನಾನೇ ನೆಟ್ಟಂತೆ ಕಂಡಿತು. ಹಿಂದೆ ಎಂಜಿನಿಯರು ಸುಣ್ಣದ ಚೀಲ ಹಿಡಿದು ನಿಂತಿದ್ದರು. ನಾನು ಬಗ್ಗಿ ನೆಲ ಹುಡುಕುತ್ತ ಹೋದೆ. ಬೆನ್ನ ಹಿಂದೆ ಬಟ್ಟೆ ಹರಿದ ಸದ್ದಾಯಿತು.

ಕಲ್ಲಿನ ಮರೆಯಲ್ಲಿದ್ದ ಬಾರೆ ಗಿಡವೊಂದು ಅಧಿಕಾರಿಯ ಪ್ಯಾಂಟನ್ನು ಹಿಡಿದುಕೊಂಡಿತ್ತು. ಬಾರೆಯ ಮುಳ್ಳು ಕೊಕ್ಕೆಯ ಹಾಗೆ. ಎಳೆದಷ್ಟೂ ಬಿಗಿ. ಅವರು ಎಡಗಾಲು ಬಿಡಿಸಿದರೆ ಬಲಗಾಲು ಸಿಕ್ಕುತ್ತಿತ್ತು.

"ಯಾರ್ರೀ ಇದನ್ನ ಇಲ್ಲಿ ನೆಟ್ಟಿದ್ದು?"

ಸಾಹೇಬರಿಗೆ ಸಿಟ್ಟು ಬಂದಿದೆ ಎಂದು ಎಲ್ಲರಿಗೂ ಭಯವಾಯಿತು. "ನಾನು ನೆಟ್ಟಿಲ್ಲ ಸಾ, ನನ್ ಮಕ್ಳಾಣೆ" ಅಂದರು ಅಕ್ಕ. ಹೆಂಗಸರೆಲ್ಲ ಒಬ್ಬರಾದ ಮೇಲೆ ಒಬ್ಬರು ಆಣೆ ಇಟ್ಟರು. ಗೌಡರು ನನ್ನನ್ನೂ ಉಳಿಸಲು ಮುಂದೆ ಬಂದರು. "ಇವ್ರೂ ನೆಟ್ಟಿಲ್ಲ ಸಾ, ಇವ್ರನ್ನ ಬಯ್ಬೇಡಿ. ಅದಾಗ್ ಅದೇ ಉಟ್ಕಂಡದೆ. ಓದ ತಿಂಗ್ಳೇ ಕಡ್ದಾಕ್ತೀನಿ ಅಂದೆ, ಇವ್ರು ಬುಡ್ನಿಲ್ಲ."

ಅಧಿಕಾರಿ ಎಳೆಯುವುದನ್ನು ನಿಲ್ಲಿಸಿದರು. "ತಾನಾಗಿ ಬಂದದ್ದಾ?"

ಸಿಕ್ಕಿಕೊಂಡಂತೆಯೇ ಬಗ್ಗಿ ಬುಡ ನೋಡಿದರು. ಪಕ್ಕದಲ್ಲಿ ಇನ್ನಷ್ಟು ಮರಿಗಳಿದ್ದವು. ಒಂದನ್ನು ಮುಟ್ಟಲು ಕೈ ಚಾಚಿದಾಗ ಪೊದೆಯೊಳಗಿಂದ ಗೌಜಲಕ್ಕಿಯೊಂದು ಅವರ ಮುಖದ ಮುಂದೆಯೇ ಬರ್ರೆಂದು ಎದ್ದು ಹೋಯಿತು. ಅಧಿಕಾರಿ ಹಿಂದಕ್ಕೆ ಬಿದ್ದರು. ಪ್ಯಾಂಟಿನ ಹೆಚ್ಚಿನ ಭಾಗ ಗಿಡದಲ್ಲೇ ಉಳಿಯಿತು.

ಯಾರೂ ನಗಲಿಲ್ಲ. ಹೆಂಗಸರು ಶಿಸ್ತಿನಿಂದ ಕಾವೇರಿಯ ಕಡೆ ತಿರುಗಿ ನಿಂತರು. ಗೌಡರು ಹೆಗಲ ಮೇಲಿನ ಟವಲು ಕೊಟ್ಟರು. ಅಧಿಕಾರಿ ಅದನ್ನು ಸೊಂಟಕ್ಕೆ ಸುತ್ತಿಕೊಂಡು, ಉಳಿದ ಜಾಗವನ್ನು ಪೂರ್ತಿ ನೋಡಿ, ಜೀಪು ಹತ್ತಿದರು.

ಜಾಗ ಪಾಸಾಯಿತು. ಕಂಬಗಳನ್ನು ಬೇರೆ ಕಡೆ ಪೇರಿಸಿದ್ದಾರೆ. ಗಿಡಗಳು ತಾವಾಗಿ ಬರುತ್ತಿರುವುದರಿಂದ ಮೇಲ್ವಿಚಾರಕನ ಹುದ್ದೆಯನ್ನು ತೆಗೆದುಹಾಕಲಾಗಿದೆ.