ಡಾಕ್ಟರಮ್ಮನ ‘ಹೂಂ’

ಅಕ್ಕ: ಈ ‘ಹೂಂ’ ನನ್ನ ಬಾಯಲ್ಲಿ ಬರಲ್ಲ ಕಣೋ. ಬೇರೆ ಯಾರನ್ನಾದ್ರೂ ಕರ್ಕೊಂಡು ಬಂದು ಹೇಳಿಸ್ಕೋ.

ತಮ್ಮ: ಇರೋದೇ ಒಂದು ಮಾತು ಅಕ್ಕ. ಅದಕ್ಕೂ ತಕರಾರಾ?

ಅಕ್ಕ: ಯಾವ ದನೀಲಿ ಹೇಳ್ಲಿ, ಅದನ್ನಾದ್ರೂ ಹೇಳು.

ರೇಡಿಯೋ ನಿಲಯದ ಚಿಕ್ಕ ಸ್ಟುಡಿಯೋದಲ್ಲಿ ಅಕ್ಕ, ಭಾವ ಇಬ್ಬರೂ ಒಂದೇ ಮೈಕಿನ ಮುಂದೆ ಹಾಳೆ ಹಿಡಿದು ನಿಂತಿದ್ದರು. ತಮ್ಮ ಬರೆದ ಮೊದಲ ಧಾರಾವಾಹಿ ನಾಟಕ. ಇವತ್ತು ಅದರ ಕೊನೆಯ ಕಂತು. ನಾಯಕ ಒಬ್ಬ ಮಾಂತ್ರಿಕ. ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಎಂಥವರ ಮನಸ್ಸೂ ಅವನು ಹೇಳಿದ ಕಡೆ ತಿರುಗುತ್ತದೆ. ಅವನಿಗೆ ಭಾವನ ದನಿ. ನಾಯಕಿ ಊರಿನ ಡಾಕ್ಟರಮ್ಮ; ಅವಳಿಗೆ ಅಕ್ಕನ ದನಿ. ಕೊನೆಯಲ್ಲಿ ಮಾಂತ್ರಿಕ ಅವಳನ್ನು ದಿಟ್ಟಿಸಿ ‘ನನ್ನನ್ನು ಪ್ರೀತಿಸು’ ಅನ್ನುತ್ತಾನೆ, ಅವಳು ‘ಹೂಂ’ ಅನ್ನುತ್ತಾಳೆ. ಅದನ್ನು ಬರೆಯುವಾಗ ತಮ್ಮನ ಕಣ್ಣು ತುಂಬಿ ಬಂದಿತ್ತು.

ತಮ್ಮ: ಮನಸಾರೆ ಹೇಳು.

ಅಕ್ಕ: ಮನಸ್ಸನ್ನ ಅವನು ಆಗ್ಲೇ ಕಿತ್ಕೊಂಡಾಯ್ತಲ್ಲ. ಇನ್ನೆಲ್ಲಿ ಮನಸಾರೆ?

ತಮ್ಮ: ಹಾಗಾದ್ರೆ ನಿದ್ದೆಗಣ್ಣಲ್ಲಿ ಹೇಳೋ ಹಾಗೆ ಹೇಳು.

ಅಕ್ಕ: ಆಗ ಕೇಳೋರಿಗೆ ಪ್ರೀತಿ ಅನ್ಸಲ್ಲ. ಆಪರೇಷನ್‌ಗೆ ಮುಂಚೆ ಇಂಜೆಕ್ಷನ್ ಕೊಟ್ಟ ಹಾಗೆ ಅನ್ಸುತ್ತೆ.

ತಮ್ಮ: ಭಾವ, ನೀವಾದ್ರೂ ಹೇಳಿ. ಅವನು ಡಾಕ್ಟರಮ್ಮನ ಮೇಲೆ ಪ್ರಾಣಾನೇ ಇಟ್ಕೊಂಡಿದ್ದಾನೆ.

ಭಾವ: ಇಟ್ಕೊಂಡಿದ್ದಾನೆ. ಅವಳನ್ನ ಒಂದು ಮಾತು ಕೇಳಿಲ್ಲ, ಅಷ್ಟೆ.

ತಮ್ಮ: ಅವಳಿಗೂ ಒಳಗೊಳಗೇ ಇಷ್ಟ ಇದ್ದೇ ಇದೆ.

ಅಕ್ಕ: ಹಾಗಿದ್ಮೇಲೆ ಮಂತ್ರ ಯಾಕೆ?

ತಮ್ಮ ಲೋಟದ ನೀರನ್ನೆಲ್ಲ ಒಂದೇ ಉಸಿರಿಗೆ ಕುಡಿದು ಮುಗಿಸಿದ.

ತಮ್ಮ: ಹಿಂದಿನ ಕಂತಲ್ಲಿ ಮಾಂತ್ರಿಕ ಕಳ್ಳನ ಕೈಯಿಂದ ಚಾಕು ಬೀಳಿಸಿದಾಗ ನೀನು ತುಟಿಪಿಟಕ್ಕೆನ್ನಲಿಲ್ಲ. ಅವನನ್ನೂ ಯಾರೂ ಒಪ್ಪಿಗೆ ಕೇಳಿರ್ಲಿಲ್ಲ.

ಅಕ್ಕ: ಚಾಕು ಹಿಡ್ಕೊಂಡು ಬಂದೋನನ್ನ ಕೂರಿಸಿ ಅಭಿಪ್ರಾಯ ಕೇಳೋಕಾಗುತ್ತಾ?

ಭಾವ: ಗಂಡ ಸತ್ತಿದ್ದನ್ನ ಆ ಅಜ್ಜಿಗೆ ಮರೆಸಿದ್ನಲ್ಲ, ಅದು? ಆ ಮಾತು ಹೇಳ್ವಾಗ ನನಗೇ ಅಳು ಬಂದಿತ್ತು.

ಅಕ್ಕ: ನಾನೂ ಅತ್ತೆ. ಆಮೇಲೆ ಮನೇಲಿ ಪಾತ್ರೆ ತೊಳೀತಾ ಯೋಚ್ನೆ ಬಂತು. ಅಜ್ಜಿ ಈಗ ದಿನಾ ಎರಡು ತಟ್ಟೆ ಹಾಕಿ ಕಾಯ್ತಿರ್ತಾಳಲ್ಲ ಅಂತ. ಅಳು ಹೋಯ್ತು, ಸರಿ. ಅತ್ತು ಹಗುರಾಗೋದೂ ಹೋಯ್ತು.

ಭಾವ: ಆದ್ರೂ ಪಾಪ, ನಗ್ತಾ ಇದ್ಲು.

ಅಕ್ಕ: ಅದೇ ರೀ, ಅದು ಒಳ್ಳೇದೋ ಕೆಟ್ಟದೋ ನನಗೂ ತಿಳೀತಿಲ್ಲ. ಈ ‘ಹೂಂ’ ಮಾತ್ರ ಚೆನ್ನಾಗಿ ತಿಳಿದಿದೆ.

ಗಾಜಿನ ಆಚೆ ಕೂತಿದ್ದ ರೆಕಾರ್ಡಿಂಗಿನವರು ಗೋಡೆಯ ಗಡಿಯಾರದ ಕಡೆ ಬೆರಳು ಮಾಡಿದರು. ಸಂಜೆಗೇ ಪ್ರಸಾರ.

ತಮ್ಮ: ಆಯ್ತು. ಮಂತ್ರ ಬಿಟ್ಟು ಬಾಯಿಬಿಟ್ಟೇ ಕೇಳ್ತಾನೆ. ಸರೀನಾ?

ಅಕ್ಕ: ಮಂತ್ರ ಬಿಟ್ಟಿದ್ದಾನೆ ಅಂತ ಅವಳಿಗೆ ಹೇಗೆ ಗೊತ್ತಾಗುತ್ತೆ?

ತಮ್ಮ: ‘ನನ್ನನ್ನು ನಂಬು’ ಅಂತಾನೆ.

ಅಕ್ಕ: ಕಣ್ಣಲ್ಲಿ ಕಣ್ಣಿಟ್ಟು?

ಭಾವ: ಕಣ್ಣಿಗೆ ಬಟ್ಟೆ ಕಟ್ಕೊಳ್ಲಿ ಬಿಡು.

ತಮ್ಮ: ರೇಡಿಯೋದಲ್ಲಿ ಬಟ್ಟೆ ಕಾಣಲ್ಲ ಭಾವ.

ಭಾವ: ಕಣ್ಣೂ ಕಾಣ್ತಿರ್ಲಿಲ್ಲ. ಇಷ್ಟು ದಿನ ಯಾರಾದ್ರೂ ಕೇಳಿದ್ರಾ?

ತಮ್ಮ ಮಂತ್ರದ ಸಾಲುಗಳನ್ನು ಹೊಡೆದುಹಾಕಿ, ಮಾಂತ್ರಿಕ ಕಣ್ಣು ಕಟ್ಟಿಕೊಂಡು ಕೇಳುವ ಮಾತು ಬರೆದ. ಡಾಕ್ಟರಮ್ಮನ ಉತ್ತರದ ಜಾಗ ಖಾಲಿ ಬಿಟ್ಟು, ‘ನಿನಗೆ ತೋಚಿದ್ದು ಹೇಳು’ ಎಂದ. ಹೇಗೂ ‘ಹೂಂ’ ಅಂತಾಳೆ ಎಂಬ ಧೈರ್ಯ ಅವನಿಗೆ. ಭಾವ ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡುವವರಲ್ಲ. ಹೊಸ ಮಾತನ್ನು ಒಮ್ಮೆ ಓದಿಕೊಂಡು, ಕರವಸ್ತ್ರ ತೆಗೆದು ನಿಜವಾಗಿಯೇ ಕಣ್ಣಿಗೆ ಕಟ್ಟಿಕೊಂಡರು. ಕೆಂಪು ದೀಪ ಹತ್ತಿತು.

ಭಾವ: ಕಣ್ಣು ಕಟ್ಟಿಕೊಂಡಿದ್ದೇನೆ ಡಾಕ್ಟರೇ. ಈಗ ನನ್ನ ಹತ್ತಿರ ಬರೀ ಮಾತು ಉಳಿದಿದೆ. ನನ್ನನ್ನು ಮದುವೆ ಆಗ್ತೀರಾ? ಬೇಡ ಅಂದರೂ ಸರಿ.

ಅಕ್ಕ ಹಾಳೆ ಮಡಿಸಿ ಮೈಕಿಗೆ ಇನ್ನಷ್ಟು ಹತ್ತಿರ ಬಾಗಿದಳು.

ಅಕ್ಕ: ಬೇಡ.

ತಮ್ಮ ಗಡಿಬಿಡಿಯಲ್ಲಿ ಹಾಳೆ ತಿರುಗಿಸಿ ನೋಡಿದ. ಮುಂದೆ ಏನನ್ನೂ ಬರೆದಿರಲಿಲ್ಲ. ಬರೆದಿದ್ದರೂ ಭಾವನಿಗೆ ಕಾಣುತ್ತಿರಲಿಲ್ಲ.

ಭಾವ: ಸರಿ ಡಾಕ್ಟರೇ. ಹಾಗಾದ್ರೆ ಬಾಗಿಲು ಯಾವ ಕಡೆ ಅಂತ ಹೇಳಿಬಿಡಿ. ಎದ್ದು ಹೋಗೋಣ ಅಂದ್ರೆ ಏನೂ ಕಾಣ್ತಿಲ್ಲ.

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಡಾಕ್ಟರಮ್ಮನ ಗಂಭೀರ ನಗುವಲ್ಲ, ಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುವ ನಗು.

ಅಕ್ಕ: ಕೂತ್ಕೊಳ್ಳಿ, ಕೂತ್ಕೊಳ್ಳಿ. ಕಾಫಿ ಕುಡ್ಕೊಂಡು ಹೋಗೋರಂತೆ.

ಕೆಂಪು ದೀಪ ಆರಿತು. ಗಾಜಿನ ಆಚೆಯವರು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು. ಎಷ್ಟು ತಿಣುಕಿದರೂ ತನ್ನ ಲೇಖನಿಯಿಂದ ಇಂಥ ನಗು ಬರುತ್ತಿರಲಿಲ್ಲ ಎಂದು ತಮ್ಮನಿಗೆ ಅನ್ನಿಸಿತು. ಹೊಟ್ಟೆಕಿಚ್ಚೂ ಆಯಿತು, ಖುಷಿಯೂ ಆಯಿತು. ಭಾವ ಮಾತ್ರ ಕರವಸ್ತ್ರ ಬಿಚ್ಚುತ್ತಾ ಮುಖ ಸಣ್ಣ ಮಾಡಿಕೊಂಡಿದ್ದರು.

ಭಾವ: ಅಷ್ಟು ಸಲೀಸಾಗಿ ಬೇಡ ಅಂದುಬಿಟ್ಯಲ್ಲೇ. ಅವತ್ತು ಹೆಣ್ಣು ನೋಡೋಕೆ ಬಂದು ನಾನು ಕೇಳಿದಾಗ ನೀನು ಒಂದೇ ಮಾತಿಗೆ ಒಪ್ಪಿದ್ದೆ.

ಅಕ್ಕ: ನೀವೆಲ್ಲಿ ಕೇಳಿದ್ರಿ? ನೀವು ನಿಮ್ಮ ಚಪ್ಪಲಿ ನೋಡ್ತಾ ನಿಂತಿದ್ರಿ. ಕೇಳಿದ್ದು ನಿಮ್ಮಮ್ಮ. ಅತ್ತೆ ಅಷ್ಟು ಹತ್ತಿರ ಬಂದು, ರೆಪ್ಪೆ ಮಿಟುಕಿಸದೆ ಕೇಳಿದ್ಮೇಲೆ ಬೇಡ ಅನ್ನೋ ಗಂಡೆದೆ ಯಾರಿಗಿತ್ತು?

ಭಾವ ಕರವಸ್ತ್ರ ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

ಭಾವ: ಹಾಗಾದ್ರೆ ಈಗ ನಾನೇ ಕೇಳ್ತೀನಿ.

ಅಕ್ಕ: ಕೇಳಿ. ಏ, ನೀನು ಸ್ವಲ್ಪ ಆಚೆ ನಡಿಯೋ. ಇದರಲ್ಲಿ ನಿನ್ನ ಡೈಲಾಗ್ ಒಂದೂ ಬೇಡ.